56 ಎಪಿಒ ಆದಮೇಲೆ

ಅಮ್ಮನಿಗೆ ತನ್ನ ಫೋನ್ ನಂಬರ್ ನೆನಪಿರುವುದಿಲ್ಲ. ಯಾರಾದರೂ ಕೇಳಿದರೆ ಫೋನನ್ನೇ ಅವರ ಕೈಗೆ ಕೊಟ್ಟು "ನೀವೇ ನೋಡ್ಕೊಳ್ಳಿ" ಅನ್ನುತ್ತಾಳೆ. ಆದರೆ ಅವಳ ಅಣ್ಣನ ಆರ್ಮಿ ನಂಬರ್ ಮಾತ್ರ ನಡುರಾತ್ರಿ ಎಬ್ಬಿಸಿ ಕೇಳಿದರೂ ಒಂದೇ ಉಸಿರಿಗೆ ಹೇಳುತ್ತಾಳೆ. ನಂಬರ್, ಆಮೇಲೆ ಸ್ಯಾಪರ್ ಅನ್ನುವ ಹುದ್ದೆ, ಆಮೇಲೆ ಹೆಸರು, ಕೊನೆಗೆ "ಕೇರ್ ಆಫ್ 56 ಎಪಿಒ".

ಅವಳು ಆ ಅಡ್ರೆಸ್ಸನ್ನು ಎಷ್ಟು ಸಲ ಬರೆದಿದ್ದಾಳೋ ಲೆಕ್ಕವಿಲ್ಲ. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ತಾತನಿಗೆ ಸಹಿ ಮಾಡಲು ಬರುತ್ತಿತ್ತು, ಅಷ್ಟೇ. ಹಾಗಾಗಿ ನಾಗಮಂಗಲದ ಹತ್ತಿರದ ಆ ಹಳ್ಳಿ ಮನೆಯಿಂದ ಮಾವನಿಗೆ ಹೋದ ಇನ್‌ಲ್ಯಾಂಡ್ ಕಾಗದಗಳೆಲ್ಲ ಅಮ್ಮನ ಕೈಬರಹದವು. ಅಜ್ಜಿ ಒಲೆ ಮುಂದೆ ಕೂತು ಹೇಳುವುದು, ಅಮ್ಮ ಹೊಸ್ತಿಲ ಮೇಲೆ ಕೂತು ಬರೆಯುವುದು. ಹಸು ಈದಿದೆ, ಹೆಣ್ಣು ಕರು. ಕೆರೆಗೆ ಈ ಸಲ ಅರ್ಧ ನೀರು. ಇಲ್ಲಿ ಎಲ್ಲರೂ ಕ್ಷೇಮ, ನಿನ್ನ ಕ್ಷೇಮಕ್ಕೆ ಕಾಗದ ಬರಿ. ಅಡ್ರೆಸ್ ಮಾತ್ರ ಇಂಗ್ಲಿಷಿನಲ್ಲಿ ಬರೆಯಬೇಕಿತ್ತು. ಅಮ್ಮ ಇಂಗ್ಲಿಷ್ ಅಕ್ಷರಗಳನ್ನು ಸರಿಯಾಗಿ ಕಲಿತದ್ದೇ ಅದಕ್ಕೋಸ್ಕರ.

56 ಎಪಿಒ ಅಂದರೆ ಒಂದು ಊರಲ್ಲ. ಸೇನೆಯ ಅಂಚೆ ವ್ಯವಸ್ಥೆಯ ಒಂದು ನಂಬರ್. ಸೈನಿಕ ಎಲ್ಲಿದ್ದಾನೆ ಅನ್ನುವುದು ಹೊರಗೆ ಗೊತ್ತಾಗಬಾರದು. ಅದಕ್ಕೆ ಮನೆಯವರೆಲ್ಲ ಆ ಒಂದೇ ವಿಳಾಸಕ್ಕೆ ಬರೆಯುತ್ತಾರೆ. ಅಲ್ಲಿಂದ ಮುಂದೆ ಎಲ್ಲಿಗೆ ಹೋಗಬೇಕು ಅನ್ನುವುದು ಸೇನೆಗೆ ಗೊತ್ತು. ಕಾಶ್ಮೀರದಲ್ಲಿದ್ದರೂ ಅದೇ, ಪಂಜಾಬಿನಲ್ಲಿದ್ದರೂ ಅದೇ. ಆದ್ದರಿಂದ ಮಾವ ನಿಜವಾಗಿ ಎಲ್ಲಿದ್ದರು ಅನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದದ್ದು 1971ರ ಡಿಸೆಂಬರ್ ಕೊನೆಯಲ್ಲಿ, ಟೆಲಿಗ್ರಾಂ ಬಂದ ಮೇಲೆ.

ಮಾವ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. ಬೆಂಗಳೂರಿನವರಿಗೆ ಎಂಇಜಿ, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್, ಅಂದರೆ ಬೇಗ ಗೊತ್ತಾಗುತ್ತೆ. ಹಲಸೂರು ಕೆರೆ ಪಕ್ಕದ ಆ ದೊಡ್ಡ ಸೆಂಟರ್. 1780ರಲ್ಲಿ ಮದ್ರಾಸಿನಲ್ಲಿ ಶುರುವಾದ ಪಡೆ ಅದು. ತಮಿಳರು, ಕನ್ನಡದವರು, ತೆಲುಗರು, ಮಲಯಾಳಿಗಳು, ಎಲ್ಲರೂ ಅಲ್ಲಿದ್ದಾರೆ. ಎಲ್ಲರನ್ನೂ ಸೇನೆಯಲ್ಲಿ 'ತಂಬಿ' ಅಂತಲೇ ಕರೆಯುವುದು. ಮಾವ ಒಂದು ಕಾಗದದಲ್ಲಿ "ಇಲ್ಲಿ ನನ್ನ ಹೆಸರು ಯಾರೂ ಕರೆಯಲ್ಲ, ಎಲ್ಲರೂ ತಂಬಿ ಅಂತಾರೆ" ಅಂತ ಬರೆದಿದ್ದರಂತೆ. ಅಜ್ಜಿಗೆ ಅದು ಬೇಜಾರಾಗಿತ್ತಂತೆ. ಹೆತ್ತವಳು ಇಟ್ಟ ಹೆಸರು ಕರೆಯದಿದ್ದರೆ ಹೇಗೆ ಅಂತ.

ಸ್ಯಾಪರ್‌ಗಳ ಕೆಲಸ ಎಲ್ಲರಿಗಿಂತ ಮುಂದೆ ಹೋಗುವುದು. ಸೇತುವೆ ಕಟ್ಟುವುದು, ದಾರಿ ಮಾಡುವುದು, ನೆಲದಲ್ಲಿ ಹೂತಿಟ್ಟ ಮೈನ್ ತೆಗೆಯುವುದು. ಡಿಸೆಂಬರ್ 3ಕ್ಕೆ ಯುದ್ಧ ಶುರುವಾದಾಗ ಪಶ್ಚಿಮದಲ್ಲಿ ಶಕರ್‌ಗಢದ ಕಡೆ ಪಾಕಿಸ್ತಾನದವರು ಮೈಲಿಗಟ್ಟಲೆ ಮೈನ್ ಹಾಕಿದ್ದರು. ಅಲ್ಲೇ ಬಸಂತರ್ ನದಿ. 21 ವರ್ಷದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್ ಡಿಸೆಂಬರ್ 16ರಂದು ಟ್ಯಾಂಕಿನೊಳಗೆ ಹೋರಾಡುತ್ತಾ ಸತ್ತ ಜಾಗ. ಅವರಿಗೆ ಪರಮವೀರ ಚಕ್ರ ಬಂತು. ಆ ಟ್ಯಾಂಕುಗಳು ನದಿ ದಾಟಿ ಹೋಗಲು ರಾತ್ರಿಯಿಡೀ ನೆಲ ಚುಚ್ಚಿ ಚುಚ್ಚಿ ದಾರಿ ಬಿಡಿಸಿದವರು ಸ್ಯಾಪರ್‌ಗಳು. ಕೈಯಲ್ಲೊಂದು ಸಲಾಕೆ, ಅದನ್ನು ಮಣ್ಣಿಗೆ ಓರೆಯಾಗಿ ಚುಚ್ಚುವುದು, ಏನಾದರೂ ತಾಗಿದರೆ ನಿಲ್ಲುವುದು. ದಾರಿ ಪೂರ್ತಿ ಆಗುವ ಮೊದಲೇ ಟ್ಯಾಂಕುಗಳು ಮುಂದೆ ಹೋಗಬೇಕಾಯಿತು. ಮಾವ ತೀರಿಕೊಂಡದ್ದು ಅದೇ ಕಡೆ, ಅದೇ ವಾರದಲ್ಲಿ. ಅಷ್ಟನ್ನು ಮಾತ್ರ ನಮಗೆ ತಿಳಿಸಿದರು.

ಶವ ಬರಲಿಲ್ಲ. ಈಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ತ್ರಿವರ್ಣ ಹೊದಿಸಿದ ಪೆಟ್ಟಿಗೆ ವಿಮಾನದಲ್ಲಿ ಬಂದು, ಊರಿಗೆ ಊರೇ ಸೇರಿ, ಗುಂಡು ಹಾರಿಸಿ ಕಳಿಸಿಕೊಡುವುದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಅದು ಶುರುವಾದದ್ದು 1999ರ ಕಾರ್ಗಿಲ್ ಯುದ್ಧದಲ್ಲಿ. ಅದಕ್ಕೆ ಮೊದಲು ಸಾಮಾನ್ಯವಾಗಿ ಅಲ್ಲೇ, ಗಡಿ ಹತ್ತಿರವೇ ಸಂಸ್ಕಾರ ಮಾಡಿಬಿಡುತ್ತಿದ್ದರು. ಮನೆಗೆ ಬರುತ್ತಿದ್ದದ್ದು ತಂತಿ, ಆಮೇಲೆ ಸಾಮಾನು. ನಮ್ಮ ಮನೆಗೆ ನಾಲ್ಕು ತಿಂಗಳ ಮೇಲೆ ಒಂದು ಕಬ್ಬಿಣದ ಟ್ರಂಕು ಬಂತು. ಮೇಲೆ ಬಿಳಿ ಪೇಂಟಿನಲ್ಲಿ ಅದೇ ನಂಬರ್. ಒಳಗೆ ಒಂದು ಸ್ವೆಟರ್, ಸೋಪಿನ ಡಬ್ಬಿ, ಎರಡು ಜೊತೆ ಬಟ್ಟೆ, ಅಮ್ಮ ಬರೆದ ಇನ್‌ಲ್ಯಾಂಡ್ ಕಾಗದಗಳ ಕಟ್ಟು. ಕೊನೆಯ ಕಾಗದ ಒಡೆದೇ ಇರಲಿಲ್ಲ. ಅದು ಇವತ್ತಿಗೂ ಒಡೆದಿಲ್ಲ. ಅದರಲ್ಲಿ ಏನಿದೆ ಅಂತ ಅಮ್ಮನಿಗೆ ಗೊತ್ತು, ಅವಳೇ ಬರೆದದ್ದಲ್ವಾ.

ಸಮಾಧಿ ಇಲ್ಲ, ಬೂದಿ ಇಲ್ಲ. ಅಜ್ಜಿಗೆ ಹೋಗಿ ಕೂರಲು ಒಂದು ಜಾಗ ಇರಲಿಲ್ಲ. ಅವಳು ಏನು ಮಾಡಿದಳು ಅಂದರೆ, ಊರಿನ ಕೆರೆ ಏರಿ ಮೇಲೆ ಒಂದು ಹಳೇ ವೀರಗಲ್ಲು ಇತ್ತು. ಅರ್ಧ ಮಣ್ಣಲ್ಲಿ ಹೂತುಹೋಗಿತ್ತು. ದನ ಕಾಯುವವರು ಅದಕ್ಕೆ ಒರಗಿ ಕೂರುತ್ತಿದ್ದರು. ಅಜ್ಜಿ ಒಂದು ಅಮಾವಾಸ್ಯೆ ದಿನ ಹೋಗಿ ಅದರ ಸುತ್ತ ಮಣ್ಣು ತೆಗೆದು, ನೀರು ಹಾಕಿ ತೊಳೆದು, ಹರಳೆಣ್ಣೆ ಹಚ್ಚಿ, ಕುಂಕುಮ ಇಟ್ಟು ಬಂದಳು. ಯಾರೂ ಏನೂ ಕೇಳಲಿಲ್ಲ. ಆಮೇಲೆ ಪ್ರತಿ ಅಮಾವಾಸ್ಯೆ ಹೋಗುತ್ತಿದ್ದಳು. ನಾನು ರಜೆಗೆ ಊರಿಗೆ ಹೋದಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದಳು. ಎಣ್ಣೆ ಬಟ್ಟಲು ಹಿಡಿಯುವುದು ನನ್ನ ಕೆಲಸ. ಕಲ್ಲು ಎಣ್ಣೆ ಕುಡಿದು ಕುಡಿದು ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಅದರಲ್ಲಿ ಮೂರು ಅಂತಸ್ತು. ಕೆಳಗೆ ಕತ್ತಿ ಹಿಡಿದು ಕಾದಾಡುತ್ತಿರುವ ವೀರ. ನಡುವೆ ಅವನನ್ನು ಎರಡು ಕಡೆ ಹಿಡಿದು ಮೇಲಕ್ಕೆ ಒಯ್ಯುತ್ತಿರುವ ಅಪ್ಸರೆಯರು. ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕೂತ ಅದೇ ವೀರ. ತುದಿಯಲ್ಲಿ ಸೂರ್ಯ, ಚಂದ್ರ. ಅಜ್ಜಿ ಕೆಳಗಿನ ಅಂತಸ್ತಿಗೆ ಎಣ್ಣೆ ಹಚ್ಚುತ್ತಿರಲಿಲ್ಲ. ನಡುವಿನ ಮತ್ತು ಮೇಲಿನ ಅಂತಸ್ತಿಗೆ ಮಾತ್ರ. ಯಾಕಜ್ಜಿ ಅಂತ ಕೇಳಿದರೆ "ಅದು ಮುಗೀತಲ್ಲ" ಅನ್ನುತ್ತಿದ್ದಳು.

ಇಷ್ಟೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ಕಳೆದ ಡಿಸೆಂಬರ್‌ನಲ್ಲಿ ಅಮ್ಮನನ್ನು ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕಕ್ಕೆ ಕರೆದುಕೊಂಡು ಹೋಗಿದ್ದೆ. ನಮ್ಮ ಬೀದಿಯಲ್ಲಿ ರಿಟೈರ್ಡ್ ಹವಾಲ್ದಾರ್ ಒಬ್ಬರಿದ್ದಾರೆ. ಅವರು ಯಾವುದೋ ಕಾರ್ಯಕ್ರಮಕ್ಕೆ ಅಲ್ಲಿಗೆ ಹೋದಾಗ ಕಲ್ಲಿನ ಮೇಲಿನ ಹೆಸರುಗಳನ್ನು ಒಂದೊಂದಾಗಿ ನೋಡಿ ಬಂದಿದ್ದರು. ಸೀದಾ ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತು "ಅಮ್ಮಾ, ನಿಮ್ಮಣ್ಣನ ಹೆಸರು ಅಲ್ಲಿದೆ" ಅಂದರು. ಅಮ್ಮ ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟಳು. "ಯಾವ ಹೆಸರು? ಪೂರ್ತಿ ಹೆಸರಾ?" ಅಂದಳು. ಅವರು ಪೂರ್ತಿ ಹೆಸರು ಹೇಳಿದರು.

ಹದಿನಾರನೇ ತಾರೀಕು ವಿಜಯ ದಿವಸ, ಜನ ಜಾಸ್ತಿ ಇರುತ್ತಾರೆ ಅಂತ ನಾವು ಹದಿನೇಳಕ್ಕೆ ಹೋದೆವು. ವಿಜಯನಗರದಲ್ಲಿ ಮೆಟ್ರೋ ಹತ್ತಿ ವಿಧಾನಸೌಧ ಸ್ಟೇಷನ್ನಿನಲ್ಲಿ ಇಳಿದು, ಅಲ್ಲಿಂದ ಆಟೋ. ತಾರಾಲಯದ ಎದುರಿನ ಪಾರ್ಕ್ ಅದು. ಹಳಬರಿಗೆ ಸಂಗೀತ ಕಾರಂಜಿ ಪಾರ್ಕ್ ಅಂದರೆ ಗೊತ್ತಾಗುತ್ತೆ. ಅಮ್ಮ ಹಿಂದಿನ ರಾತ್ರಿಯೇ ಚೀಲ ರೆಡಿ ಮಾಡಿಟ್ಟುಕೊಂಡಿದ್ದಳು. ಅದರಲ್ಲಿ ಏನಿದೆ ಅಂತ ನಾನು ಕೇಳಲಿಲ್ಲ.

ಒಳಗೆ ಹೋದರೆ ಮೊದಲು ಕಾಣುವುದು ಆ ದೊಡ್ಡ ಕಲ್ಲು. ಅದಕ್ಕೂ ವೀರಗಲ್ಲು ಅಂತಲೇ ಹೆಸರು. 75 ಅಡಿ ಎತ್ತರ, 450 ಟನ್ ತೂಕದ ಒಂದೇ ಬಂಡೆ. ದೇವನಹಳ್ಳಿ ಹತ್ತಿರದ ಕೊಯಿರಾದಿಂದ ತಂದದ್ದು. ಈ ಸ್ಮಾರಕ ಕಟ್ಟುವಾಗ ಪಾರ್ಕಿನ ಮರಗಳ ವಿಷಯಕ್ಕೆ ಊರಲ್ಲಿ ದೊಡ್ಡ ಜಗಳವೇ ಆಗಿತ್ತು. ಮರಗಳ ಪರ ನಿಂತವರ ಮಾತು ನನಗೆ ಆಗಲೂ ಸರಿ ಅನ್ನಿಸಿತ್ತು, ಈಗಲೂ ಅನ್ನಿಸುತ್ತೆ. ಆ ನೆರಳಿಲ್ಲದೆ ಅಲ್ಲಿ ಯಾರೂ ಹತ್ತು ನಿಮಿಷ ನಿಲ್ಲಲು ಆಗುವುದಿಲ್ಲ. ಉಳಿದ ಮರಗಳ ಕೆಳಗೆ ಹೆಸರಿನ ಕಲ್ಲುಗಳಿವೆ. ಅವುಗಳ ಮೇಲೆ ಸ್ವಾತಂತ್ರ್ಯ ಬಂದ ಮೇಲೆ ಪ್ರಾಣ ಕೊಟ್ಟವರ ಹೆಸರುಗಳು.

ಅಮ್ಮ ದೊಡ್ಡ ಕಲ್ಲನ್ನು ತಲೆ ಎತ್ತಿ ಒಂದು ಸಲ ನೋಡಿದಳು, ಕೈಮುಗಿದಳು, ಮುಂದೆ ನಡೆದಳು. ಅವಳಿಗೆ ಬೇಕಾಗಿದ್ದದ್ದು ಆ 75 ಅಡಿ ಅಲ್ಲ. ಹವಾಲ್ದಾರ್ ಹೇಳಿದ ಗುರುತು ಹಿಡಿದು ಸಾಲುಗಳ ನಡುವೆ ಹೋದೆವು. ಹಿಂದಿನ ದಿನದ ಹೂವು ಅಲ್ಲಲ್ಲಿ ಬಾಡಿ ಬಿದ್ದಿತ್ತು. ಬಿಸಿಲಿಗೆ ನುಣುಪು ಕಲ್ಲು ಹೊಳೆದು ಅಕ್ಷರ ಕಾಣುತ್ತಿರಲಿಲ್ಲ. ಅಮ್ಮನಿಗೆ ಒಂದು ಕಣ್ಣಿಗೆ ಆಪರೇಷನ್ ಆಗಿದೆ. ನಾನು ನನ್ನ ದುಪಟ್ಟಾ ಹಿಡಿದು ಕಲ್ಲಿಗೆ ನೆರಳು ಮಾಡಿದೆ. ಅವಳು ತೋರುಬೆರಳಿಟ್ಟು ಒಂದೊಂದೇ ಸಾಲು ಕೆಳಗಿಳಿದಳು. ಶಾಲೆ ಮಕ್ಕಳು ಪುಸ್ತಕ ಓದುವ ಹಾಗೆ. ಒಂದು ಕಡೆ ಬೆರಳು ನಿಂತಿತು.

ಮೊದಲು ಅವಳು ಸೆರಗಿನ ಅಂಚಿನಿಂದ ಹೆಸರು ಒರೆಸಿದಳು. ಧೂಳೇನೂ ಇರಲಿಲ್ಲ. ಆಮೇಲೆ ಒಂದೊಂದು ಅಕ್ಷರದ ಗುಂಡಿಯಲ್ಲಿ ಉಗುರು ಆಡಿಸಿದಳು, ಮೊದಲ ಅಕ್ಷರದಿಂದ ಕೊನೆಯದರವರೆಗೆ. ಐವತ್ತು ವರ್ಷಕ್ಕೂ ಹಿಂದೆ ತಾನೇ ಕಷ್ಟಪಟ್ಟು ಕಲಿತು ಬರೆಯುತ್ತಿದ್ದ ಅಕ್ಷರಗಳು ಅವು. "ಸರಿಯಾಗಿ ಬರ್ದಿದಾರೆ" ಅಂದಳು. ಸ್ವಲ್ಪ ಹೊತ್ತು ಸುಮ್ನೆ ಇದ್ದು, "ಅಣ್ಣಯ್ಯ, ಬಂದೆ ಕಣಪ್ಪ" ಅಂದಳು.

ಆಮೇಲೆ ಮಾತಾಡಲು ಶುರು ಮಾಡಿದಳು. ಮೆಲ್ಲಗೆ, ನನಗೆ ಕೇಳಲಿ ಅಂತಲ್ಲ. ಅವ್ವ ಹೋದದ್ದು, ಅಪ್ಪ ಅದಕ್ಕೆ ಮೊದಲೇ ಹೋದದ್ದು, ಮನೆ ತಾರಸಿ ಆದದ್ದು, ತಮ್ಮನ ಮಗ ಎಂಜಿನಿಯರಿಂಗ್ ಓದುತ್ತಿರುವುದು, ಕೆರೆ ಎರಡು ವರ್ಷದ ಹಿಂದೆ ಕೋಡಿ ಬಿದ್ದದ್ದು. ಕಾಗದದಲ್ಲಿ ಬರೆಯುತ್ತಿದ್ದ ಹಾಗೆಯೇ ಒಂದರ ಹಿಂದೆ ಒಂದು. "ಇಲ್ಲಿ ಎಲ್ಲರೂ ಕ್ಷೇಮ" ಅಂದಳು. ಅಲ್ಲಿಗೆ ನಿಲ್ಲಿಸಿದಳು. ಮುಂದಿನ ಸಾಲು ಏನು ಅಂತ ನನಗೂ ಗೊತ್ತಿತ್ತು.

ಚೀಲ ತೆಗೆದಳು. ಒಂದು ಮೊಳ ಕನಕಾಂಬರ. ಕುಂಕುಮದ ಪೊಟ್ಟಣ. ಮಾತ್ರೆ ಖಾಲಿಯಾದ ಪುಟ್ಟ ಬಾಟಲಿಯಲ್ಲಿ ಹರಳೆಣ್ಣೆ. ಬಾಟಲಿ ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ನೋಡಿದಳು. ಎಲ್ಲ ಎಷ್ಟು ಚೊಕ್ಕಟವಾಗಿತ್ತು. ಅಕ್ಕಪಕ್ಕ ಎಷ್ಟೊಂದು ಹೆಸರು. "ಇಲ್ಲಿ ಹಚ್ಚೋದು ಸರಿಯಾಗಲ್ಲ ಅಲ್ವಾ? ಪಕ್ಕದವರಿಗೆ ತಾಗುತ್ತೆ" ಅಂದಳು. ಯಾರೂ ಬೇಡ ಅಂದಿರಲಿಲ್ಲ. ಅವಳೇ ಬಾಟಲಿ ವಾಪಸ್ ಚೀಲಕ್ಕೆ ಹಾಕಿದಳು. ಹೂವನ್ನು ಕಲ್ಲಿನ ಬುಡದಲ್ಲಿಟ್ಟಳು.

ಆ ಬಾಟಲಿ ನನ್ನನ್ನು ಬಿಡಲಿಲ್ಲ. ಮನೆಗೆ ಬಂದ ಮೇಲೂ ಅದೇ ಯೋಚನೆ. ನಾನು ಕಾಲೇಜ್ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಕೈಗೆ ಸಿಗುವಷ್ಟು ಶಾಸನದ ಪುಸ್ತಕಗಳನ್ನು ತೆಗೆದು ಕೂತೆ. ವೀರಗಲ್ಲು ಅಂದರೆ ನಮ್ಮ ಜನಕ್ಕೆ ಏನಾಗಿತ್ತು ಅಂತ ನೋಡಬೇಕಿತ್ತು.

ಬೆಂಗಳೂರು ಅನ್ನುವ ಹೆಸರು ಮೊದಲ ಬಾರಿ ಎಲ್ಲಿ ಸಿಗುತ್ತೆ ಗೊತ್ತಾ? ಬೇಗೂರಿನಲ್ಲಿ, ಸುಮಾರು 890ರ ಒಂದು ವೀರಗಲ್ಲಿನ ಮೇಲೆ. ಗಂಗರ ಕಾಲದ್ದು. ಗಂಗರ ಅಧಿಕಾರಿ ನಾಗತ್ತರನ ಕಡೆಯ ಬುಟ್ಟಣಸೆಟ್ಟಿ 'ಬೆಂಗುಳೂರ ಕಾಳೆಗ'ದಲ್ಲಿ ಸತ್ತ ಅಂತ ಅದರಲ್ಲಿದೆ. ಕೆಂಪೇಗೌಡರಿಗಿಂತ ಆರು ನೂರು ವರ್ಷಕ್ಕೂ ಹಿಂದಿನ ಮಾತು. ನಮ್ಮ ಊರಿನ ಹೆಸರು ಮೊದಲು ಬರೆದದ್ದೇ ಯುದ್ಧದಲ್ಲಿ ಸತ್ತ ಒಬ್ಬ ಮನುಷ್ಯನ ನೆನಪಿಗೆ. ಇದನ್ನು ಓದಿದಾಗ ನನಗೆ ಮೈ ಜುಂ ಅಂದಿತು. ಹೆಬ್ಬಾಳದ ಕಿತ್ತಯ್ಯನ ಕಲ್ಲು ಅದಕ್ಕಿಂತಲೂ ಹಳೆಯದು, ಸುಮಾರು 750ನೇ ಇಸವಿ. ಗಂಗರ ರಾಜ ಶ್ರೀಪುರುಷನ ಕಾಲದಲ್ಲಿ ರಾಷ್ಟ್ರಕೂಟರ ದಾಳಿ ಎದುರಿಸಿ ಸತ್ತವನು ಆ ಕಿತ್ತಯ್ಯ. ಆ ಕಲ್ಲು ಕಳೆದುಹೋಗುವುದರಲ್ಲಿತ್ತು. ಶಾಸನಗಳ ಮೇಲೆ ಪ್ರೀತಿ ಇದ್ದವರೂ ಅಲ್ಲಿಯ ಜನರೂ ಸೇರಿ ಉಳಿಸಿಕೊಂಡರು, ಮಂಟಪ ಕಟ್ಟಿದರು. ಈಗ ಅದರ ಪಕ್ಕದ ಫ್ಲೈಓವರ್ ಮೇಲೆ ದಿನಾ ಲಕ್ಷಗಟ್ಟಲೆ ಜನ ಏರ್‌ಪೋರ್ಟ್ ಕಡೆ ಹೋಗುತ್ತಾರೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆತಕೂರಿನ ಕಲ್ಲು. ನಮ್ಮ ಮಂಡ್ಯ ಜಿಲ್ಲೆಯದೇ, ಮದ್ದೂರು ತಾಲ್ಲೂಕು. 949ರ ಸುಮಾರಿನದು. ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ. ಅದು ಕಾಳಿ ಅನ್ನುವ ನಾಯಿಯ ನೆನಪಿನ ಕಲ್ಲು. ಮಣಲೇರ ಅನ್ನುವ ವೀರನ ಬೇಟೆನಾಯಿ ಅದು. ದೊಡ್ಡ ಹಂದಿಯ ಜೊತೆ ಕಾದಾಡಿ, ಹಂದಿಯೂ ಸತ್ತು ನಾಯಿಯೂ ಸತ್ತಿತು. ಕಲ್ಲು ನಿಲ್ಲಿಸಿ ಸುಮ್ಮನಾಗಲಿಲ್ಲ ಅವರು. ಅದನ್ನು ನೋಡಿಕೊಳ್ಳಲು ಭೂಮಿ ಬಿಟ್ಟರು. ಪೂಜೆ ಮಾಡುವ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ಬರುತ್ತೆ ಅಂತ ಕೊರೆಸಿದರು. ಅಂದರೆ ನೆನಪಿಟ್ಟುಕೊಳ್ಳುವುದನ್ನು ಒಬ್ಬನ ದಿನದ ಊಟಕ್ಕೆ ಕಟ್ಟಿಹಾಕಿದರು. ಯುದ್ಧದಲ್ಲಿ ಸತ್ತವರ ಮನೆಯವರಿಗೂ ಭೂಮಿ ಕೊಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಅಂತ ಹೆಸರು. ನೆತ್ತರಿಗೆ ಕೊಟ್ಟ ಕೊಡುಗೆ. ಎಷ್ಟು ನೇರವಾದ ಮಾತು ನೋಡಿ. ಅಜ್ಜಿಗೆ ಬರಬೇಕಾಗಿದ್ದ ಪೆನ್ಷನ್ನಿಗಾಗಿ ತಾತ ಒಂದು ಕಚೇರಿಗೆ ಎರಡು ವರ್ಷ ಅಲೆದಿದ್ದರು. ಆ ಕಾಗದಗಳಲ್ಲಿ ಇಷ್ಟು ನೇರವಾದ ಪದ ಒಂದೂ ಇರಲಿಲ್ಲ.

ಬಹಳ ವೀರಗಲ್ಲುಗಳ ಮೇಲೆ ಒಂದು ಸಂಸ್ಕೃತ ಶ್ಲೋಕ ಇರುತ್ತೆ. "ಜಿತೇನ ಲಭ್ಯತೇ ಲಕ್ಷ್ಮೀಃ, ಮೃತೇನಾಪಿ ಸುರಾಂಗನಾ" ಅಂತ. ಗೆದ್ದರೆ ಸಂಪತ್ತು, ಸತ್ತರೆ ಅಪ್ಸರೆ, ಕ್ಷಣದಲ್ಲಿ ಹೋಗುವ ಈ ದೇಹಕ್ಕೆ ರಣದಲ್ಲಿ ಸಾಯುವ ಚಿಂತೆ ಯಾಕೆ ಅಂತ ಅರ್ಥ. ಈ ಶ್ಲೋಕ ನನಗೆ ಹಿಡಿಸುವುದಿಲ್ಲ. ಇದು ಯುದ್ಧಕ್ಕೆ ಕಳಿಸುವವರ ಮಾತು. ಮಗನನ್ನು ಕಳಕೊಂಡವಳ ಮಾತಲ್ಲ. ಅಜ್ಜಿ ಅಪ್ಸರೆಯರಿಗೆ ಎಣ್ಣೆ ಹಚ್ಚುತ್ತಿದ್ದದ್ದು ಮಗನಿಗೆ ಸ್ವರ್ಗದಲ್ಲಿ ಸುಂದರಿ ಸಿಗಲಿ ಅಂತಲ್ಲ. ಅವನನ್ನು ಯಾರೋ ಎರಡು ಕಡೆ ಹಿಡಿದುಕೊಂಡಿದ್ದಾರಲ್ಲ, ಅದಕ್ಕೆ. ಕೊನೇ ಗಳಿಗೆಯಲ್ಲಿ ಅವನು ಒಬ್ಬನೇ ಇರಲಿಲ್ಲ ಅನ್ನುವುದು ಆ ಕಲ್ಲಿನಲ್ಲಿ ಅವಳಿಗೆ ಕಾಣುತ್ತಿತ್ತು.

ಜನವರಿಯಲ್ಲಿ ಒಂದು ಭಾನುವಾರ ನಾನೊಬ್ಬಳೇ ಬ್ರಿಗೇಡ್ ರೋಡಿಗೆ ಹೋದೆ. ರೆಸಿಡೆನ್ಸಿ ರೋಡ್ ಸೇರುವ ಜಾಗದಲ್ಲಿ, ಒಪೆರಾ ಹೌಸ್ ಎದುರಿಗೆ, ಒಂದು ಸ್ಮಾರಕ ಸ್ತಂಭ ಇದೆ. ಕಾಲೇಜಿನ ದಿನಗಳಿಂದ ಅದರ ಪಕ್ಕದಲ್ಲಿ ಎಷ್ಟೋ ಸಲ ಓಡಾಡಿದ್ದೆ. ಅದು ಮಾವನ ಪಡೆಯದು ಅಂತ ಗೊತ್ತೇ ಇರಲಿಲ್ಲ. ಮದ್ರಾಸ್ ಪಯನಿಯರ್‌ಗಳು ಅಂತ ಇದ್ದರು, ಸೇನೆಗೆ ದಾರಿ ಮಾಡಿಕೊಡುವ ದಳಗಳು. 1933ರಲ್ಲಿ ಆ ದಳಗಳನ್ನು ಮುಚ್ಚಿ ಜನರನ್ನು ಸ್ಯಾಪರ್ಸ್‌ಗೆ ಸೇರಿಸಿಕೊಂಡರು. ಮೊದಲ ಮಹಾಯುದ್ಧದಲ್ಲಿ ಸಮುದ್ರ ದಾಟಿ ಹೋಗಿ ಸತ್ತ ನಮ್ಮ ಕಡೆಯ ಹುಡುಗರ ಕಲ್ಲು ಅದು. ಸುತ್ತ ಸಿಗ್ನಲ್, ಬಸ್ಸು, ಶಾಪಿಂಗ್ ಬ್ಯಾಗ್ ಹಿಡಿದ ಜನ. ನಾನು ಅರ್ಧ ಗಂಟೆ ಆಚೆ ಫುಟ್‌ಪಾತಿನಲ್ಲಿ ನಿಂತಿದ್ದೆ. ಸಿಗ್ನಲ್ ಬಿದ್ದಾಗಲೆಲ್ಲ ಐವತ್ತು ಅರವತ್ತು ಜನ ಅದರ ಎದುರು ನಿಲ್ಲುತ್ತಾರೆ. ಒಬ್ಬ ಡೆಲಿವರಿ ಹುಡುಗ ಹೆಲ್ಮೆಟ್ ಗ್ಲಾಸ್ ಎತ್ತಿ ಕಲ್ಲಿನ ಕಡೆ ನೋಡಿದ. ಅಷ್ಟರಲ್ಲಿ ಹಸಿರು ಬಿತ್ತು.

ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. 1918ರ ಸೆಪ್ಟೆಂಬರ್ 23ರಂದು, ಈಗ ಇಸ್ರೇಲಿನಲ್ಲಿರುವ ಹೈಫಾ ನಗರವನ್ನು ತುರ್ಕರಿಂದ, ಜರ್ಮನ್ನರಿಂದ ಬಿಡಿಸಿದ್ದು ಜೋಧಪುರದ ಮತ್ತು ನಮ್ಮ ಮೈಸೂರಿನ ಕುದುರೆ ಪಡೆಗಳು. ಜೋಧಪುರದವರು ಎದುರಿನಿಂದ ನುಗ್ಗಿದರು, ಮೈಸೂರಿನವರು ಕಾರ್ಮೆಲ್ ಬೆಟ್ಟ ಹತ್ತಿ ಮೇಲಿನ ತೋಪುಗಳನ್ನು ಹಿಡಿದರು. ಸೆರೆ ಸಿಕ್ಕವರು 1,350 ಜನ. ನಮ್ಮ ಕಡೆ ಸತ್ತವರು 8 ಜನ, ಗಾಯಗೊಂಡವರು 34. ಕುದುರೆ ಸತ್ತದ್ದು 60. ಆ 60 ಕುದುರೆಗೂ ಒಂದು ಕಲ್ಲು ಬೇಕಿತ್ತು ಅನ್ನಿಸಿತು ನನಗೆ. ಒಂದು ನಾಯಿಗೆ ಕಲ್ಲು ನಿಲ್ಲಿಸಿದ ನಾಡಲ್ವಾ ಇದು. ದೆಹಲಿಯ ತೀನ್ ಮೂರ್ತಿಯಲ್ಲಿರುವ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. 2018ರಲ್ಲಿ ಆ ಚೌಕಕ್ಕೆ ಹೈಫಾ ಹೆಸರನ್ನೂ ಸೇರಿಸಿದರು.

ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಒಂದು ಪದ್ಧತಿ ಇದೆ. ಅದು 2019ರ ಫೆಬ್ರವರಿಯಲ್ಲಿ ಶುರುವಾದ ಸ್ಮಾರಕ. 25 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಒಂದೊಂದು ಹೆಸರಿಗೆ ಒಂದೊಂದು ಗ್ರಾನೈಟ್ ಕಲ್ಲು. ಅಲ್ಲಿ ಸಂಜೆ ಹೊತ್ತಿನಲ್ಲಿ ಹುತಾತ್ಮನೊಬ್ಬನ ಮನೆಯವರನ್ನು ಕರೆಸಿ ಅವರ ಕೈಯಿಂದ ಹೂಚಕ್ರ ಇಡಿಸುತ್ತಾರೆ. ಮಂತ್ರಿಯ ಕೈಯಲ್ಲ, ತಾಯಿಯ ಕೈ, ಹೆಂಡತಿಯ ಕೈ, ತಮ್ಮನ ಕೈ. ಇದನ್ನು ಓದಿದಾಗ ನನಗೆ ತುಂಬಾ ಸಮಾಧಾನವಾಯಿತು. ಇಂಥದ್ದು ಬೆಂಗಳೂರಿನಲ್ಲೂ ಆಗಬೇಕು. ವಾರಕ್ಕೊಂದು ಸಂಜೆ ಸಾಕು. ಕರ್ನಾಟಕದ ಒಬ್ಬ ಯೋಧನ ಹೆಸರು, ಅವನ ಊರು, ತಾಲ್ಲೂಕು, ಹುಟ್ಟಿದ ವರ್ಷ, ಸತ್ತ ಜಾಗ, ಇಷ್ಟನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಬೇಕು. ಆ ತಾಲ್ಲೂಕಿನ ಶಾಲೆಯ ನಾಲ್ಕು ಮಕ್ಕಳು ಬರಬೇಕು. ಮನೆಯವರು ಇದ್ದರೆ ಅವರು ಹೂವಿಡಬೇಕು. ಇಲ್ಲದಿದ್ದರೆ ಆ ಮಕ್ಕಳೇ ಇಡಬೇಕು.

ಇನ್ನೊಂದು ಆಸೆಯೂ ಇದೆ. ಹೆಸರಿನ ಕಲ್ಲುಗಳ ಹತ್ತಿರ ಎಲ್ಲಾದರೂ ಒಂದು ಚಿಕ್ಕ ಒರಟು ಕಲ್ಲು ನಿಲ್ಲಿಸಬೇಕು. ಪಾಲಿಶ್ ಬೇಡ, ಹೆಸರು ಬೇಡ. ಎಣ್ಣೆ ಹಚ್ಚಬಹುದಾದ, ದೀಪ ಇಡಬಹುದಾದ, ಊದುಬತ್ತಿ ಚುಚ್ಚಬಹುದಾದ, ಮೇಣದ ಬತ್ತಿ ಹಚ್ಚಬಹುದಾದ, ಅತ್ತರು ಸವರಬಹುದಾದ ಕಲ್ಲು. ಸೈನಿಕರ ಮನೆಗಳಲ್ಲಿ ಎಲ್ಲ ಥರದ ದೇವರುಗಳೂ ಇದ್ದಾರೆ. ಅಟೆನ್ಷನ್‌ನಲ್ಲಿ ನಿಂತು ಸೆಲ್ಯೂಟ್ ಹೊಡೆಯುವುದು ಹವಾಲ್ದಾರ್‌ಗೆ ಬರುತ್ತೆ. ಅಮ್ಮನಿಗೆ ಬರುವುದು ಎಣ್ಣೆ ಹಚ್ಚುವುದು. ಎರಡಕ್ಕೂ ಅಲ್ಲಿ ಜಾಗ ಇರಬೇಕು.

ಆ ದಿನ ವಾಪಸ್ ಬರುವಾಗ ಆದ ಒಂದು ವಿಷಯ ಹೇಳುವುದು ಬಿಟ್ಟೆ. ಹೊರಡುವ ಮೊದಲು ಅಮ್ಮ ಇನ್ನೊಂದು ಸಲ ಕಲ್ಲಿನ ಹತ್ತಿರ ಹೋಗಿ ಬಗ್ಗಿದಳು. ಹೆಬ್ಬೆರಳು ಕಿರುಬೆರಳು ಅಗಲಿಸಿ ನೆಲದಿಂದ ಅಳೆದಳು. ಆಮೇಲೆ ಅಂಚಿನಿಂದ ಅಳೆದಳು. ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದಳು. ಮೆಟ್ರೋದಲ್ಲಿ ಸೀಟು ಸಿಕ್ಕ ಕೂಡಲೇ ಫೋನ್ ನನ್ನ ಕೈಗೆ ಕೊಟ್ಟು "ಊರಿಗೆ ಹಚ್ಚು" ಅಂದಳು. ಚಿಕ್ಕಮಾವ ಎತ್ತಿದರು. ಅವರು ಅಮ್ಮನಿಗಿಂತ ಎಂಟು ವರ್ಷ ಚಿಕ್ಕವರು. ಅಣ್ಣನ ಮುಖ ಅವರಿಗೆ ನೆನಪಿಲ್ಲ.

"ಪೆನ್ನು ತಗೋ" ಅಂದಳು ಅಮ್ಮ. "ತಗೊಂಡ್ಯಾ? ಬರ್ಕೊ. ತಾರಾಲಯದ ಎದುರು ಪಾರ್ಕು. ದೊಡ್ಡ ಕಲ್ಲು ದಾಟು. ಬಲಕ್ಕೆ ತಿರುಗು, ಅತ್ತಿಮರದ ಥರ ಒಂದು ಮರ ಐತೆ, ಅದರ ಆಚೆ ಕಲ್ಲು. ನೆಲದಿಂದ ಮೂರು ಗೇಣು. ಎಡಗಡೆ ಅಂಚಿಂದ ಒಂದು ಗೇಣು, ನಾಲ್ಕು ಬೆರಳು. ನಿನ್ನ ಗೇಣಲ್ಲ, ನನ್ನ ಗೇಣು. ಬರ್ಕೊಂಡ್ಯಾ?"

ಆ ಕಡೆಯಿಂದ ಚಿಕ್ಕಮಾವ ಏನೋ ಅಂದರು.

"ಎಲ್ಲಿ, ಓದು" ಅಂದಳು ಅಮ್ಮ. "ತಪ್ಪಾಗಿದ್ರೆ ಸೇರಲ್ಲ."